ಮೂರು ವರ್ಷ, ಎರಡು ಎಸ್‌ಎಸ್‌ಡಿ: ಟಿಎಲ್‌ಸಿ ಮತ್ತು ಕ್ಯೂಎಲ್‌ಸಿ ಬಳಸಿದ ಅನುಭವ

ಮದುವೆ ಛಾಯಾಗ್ರಹಣದ ಕೆಲಸಕ್ಕೆ ನಾನು ಎರಡು ಎಸ್‌ಎಸ್‌ಡಿಗಳನ್ನು (ಮೆಮೊರಿ ಚಿಪ್‌ಗಳಲ್ಲಿ ಕಡತ ಉಳಿಸುವ ಡ್ರೈವ್‌ಗಳು) ಮೂರು ವರ್ಷಗಳಿಂದ ಬಳಸುತ್ತಿದ್ದೇನೆ: 1 ಟಿಬಿಯ ಟಿಎಲ್‌ಸಿ ಮತ್ತು 2 ಟಿಬಿಯ ಕ್ಯೂಎಲ್‌ಸಿ. ಇವೆರಡು ಚಿಪ್‌ನ ಬಗೆಗಳ ಹೆಸರು. ಎರಡನೆಯದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರ ‘ಸ್ವಲ್ಪ ದುಡ್ಡು ಹೆಚ್ಚು ಹಾಕಿದ್ರೆ ಜಾಗ ಡಬಲ್ ಸಾರ್’ ಎಂಬ ಮಾತಿಗೆ ಒಪ್ಪಿ ಕೊಂಡೆ.

ಆರತಕ್ಷತೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹನುಮಂತನಗರದ ಮನೆ ಸೇರಿದರೆ, ಬಟ್ಟೆ ಬದಲಿಸುವ ಮೊದಲೇ ಕಾರ್ಡುಗಳನ್ನು ಕ್ಯಾಮೆರಾದಿಂದ ತೆಗೆದು, ಸಂಖ್ಯೆಯ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಸಾಲಾಗಿ ಇಟ್ಟು, ಒಂದೊಂದಾಗಿ ರೀಡರಿಗೆ ಹಾಕುತ್ತೇನೆ. ಬೆಳಗಿನ ಮುಹೂರ್ತಕ್ಕೆ ಅವೇ ಕಾರ್ಡುಗಳು ಖಾಲಿಯಾಗಬೇಕು. ಕ್ಯೂಎಲ್‌ಸಿ ಕೈಕೊಡುವುದು ಇಲ್ಲಿಯೇ. ಸೆಕೆಂಡಿಗೆ 250 ಎಂಬಿಯಂತೆ ಹೊರಟ ನಕಲು, ಸುಮಾರು 70 ಜಿಬಿ ದಾಟುತ್ತಿದ್ದಂತೆ 80ಕ್ಕೆ ಕುಸಿಯುತ್ತದೆ. ಉಳಿದದ್ದು ಮುಗಿಯಲು ಮುಕ್ಕಾಲು ಗಂಟೆ ಬೇಕು, ನನಗೆ ಸಿಗುವ ನಿದ್ದೆಯೇ ನಾಲ್ಕು ಗಂಟೆ.

ಕಾರಣ ತಿಳಿದ ಮೇಲೆ ಸಿಟ್ಟು ಇನ್ನಷ್ಟು ಹೆಚ್ಚಿತು. ಚಿಪ್ ಮಾಹಿತಿಯನ್ನು ವಿದ್ಯುದಂಶವಾಗಿ ಹಿಡಿದಿಡುವುದು ಕೋಶಗಳೆಂಬ ಪುಟ್ಟ ಘಟಕಗಳಲ್ಲಿ. ಟಿಎಲ್‌ಸಿಯ ಒಂದು ಕೋಶದಲ್ಲಿ 3 ಬಿಟ್, ಕ್ಯೂಎಲ್‌ಸಿಯಲ್ಲಿ 4. ಲಾಭ ಮೂರನೆಯ ಒಂದು ಪಾಲು ಮಾತ್ರ. ಆದರೆ ಗುರುತಿಸಬೇಕಾದ ವೋಲ್ಟೇಜ್ ಮಟ್ಟಗಳು 8ರಿಂದ 16ಕ್ಕೆ, ಅಂದರೆ ಎರಡರಷ್ಟಾಗುತ್ತವೆ. ಮೂರು ಮಂಚದ ಪಿಜಿ ಕೋಣೆಗೆ ನಾಲ್ಕನೆಯದನ್ನು ತುರುಕಿದಂತೆ! ಅಷ್ಟು ನಿಖರವಾಗಿ ಬರೆಯಲು ಸಮಯ ಹಿಡಿಯುತ್ತದೆ. ಈ ನಿಧಾನವನ್ನು ಮರೆಮಾಚಲು ಡ್ರೈವ್ ಖಾಲಿ ಜಾಗದ ಒಂದು ಭಾಗದಲ್ಲಿ ಕೋಶಕ್ಕೆ ಒಂದೇ ಬಿಟ್‌ನಂತೆ ವೇಗವಾಗಿ ಬರೆದುಕೊಳ್ಳುತ್ತದೆ. ಆ ಭಾಗ ತುಂಬಿದೊಡನೆ ವೇಗ ಕುಸಿಯುತ್ತದೆ. ಡ್ರೈವ್ ತುಂಬುತ್ತ ಬಂದಂತೆ ಆ ಸೌಕರ್ಯವೂ ಕಿರಿದಾಗುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸಿರುವ ಬರೆಯುವ ವೇಗ ಈ ಭಾಗದ್ದು ಮಾತ್ರ.

ಜಾಗ ಹೆಚ್ಚಿಸಲು ಕೋಶಕ್ಕೆ ಬಿಟ್ ತುರುಕುವುದಕ್ಕಿಂತ, ಕೋಶಗಳನ್ನೇ ಒಂದರ ಮೇಲೊಂದು ಪೇರಿಸಿ ಮಹಡಿ ಏರಿಸುವ ದಾರಿಯೇ ನನಗೆ ಮೆಚ್ಚುಗೆಯಾದದ್ದು. ಸಮತಲದಲ್ಲಿ ಕೋಶಗಳನ್ನು ಕುಗ್ಗಿಸುತ್ತ 15 ನ್ಯಾನೊಮೀಟರ್ ಆಸುಪಾಸಿಗೆ ಬಂದಾಗ, ಒಂದರ ವಿದ್ಯುದಂಶ ಪಕ್ಕದ್ದನ್ನು ಕೆಡಿಸತೊಡಗಿತು. 2013ರಲ್ಲಿ ಸ್ಯಾಮ್‌ಸಂಗ್ 24 ಪದರಗಳನ್ನು ಮೇಲಕ್ಕೆ ಪೇರಿಸಿತು. ಇಂದು ಪದರಗಳು ಇನ್ನೂರನ್ನು ದಾಟಿವೆ. ಎತ್ತರ ಸಿಕ್ಕಿದ್ದರಿಂದ ಕೋಶವನ್ನು ಮತ್ತೆ ಸ್ವಲ್ಪ ದೊಡ್ಡದಾಗಿಸಲು ಸಾಧ್ಯವಾಯಿತು, ಬಾಳಿಕೆಯೂ ಸುಧಾರಿಸಿತು. ನ್ಯಾಯವಾಗಿ ಹೇಳುವುದಾದರೆ, ನಾನು ಬೈಯುತ್ತಿರುವ ಕ್ಯೂಎಲ್‌ಸಿ ಮಾರುಕಟ್ಟೆಗೆ ಬರುವಷ್ಟು ಗಟ್ಟಿಯಾದದ್ದೂ ಈ ಪದರಗಳ ಕೃಪೆಯಿಂದಲೇ.

ಈಗ ಕಾರ್ಡುಗಳನ್ನು ಟಿಎಲ್‌ಸಿಗೆ ಇಳಿಸಿ, ಕ್ಯೂಎಲ್‌ಸಿಗೆ ನಕಲು ಹಚ್ಚಿ ಮಲಗುತ್ತೇನೆ. ಓದುವುದರಲ್ಲಿ ಅದರ ಮೇಲೆ ದೂರಿಲ್ಲ: ಕಳೆದ ವಾರ ಗ್ರಾಹಕರೊಬ್ಬರು ಎರಡು ವರ್ಷ ಹಳೆಯ ಧಾರೆಯ ಚಿತ್ರ ಕೇಳಿದಾಗ, ಅವರು ಫೋನ್ ಇಡುವುದರೊಳಗೆ ಕಳುಹಿಸಿದ್ದೆ. ಐದಕ್ಕೆ ಮೂರು ಅಂಕ. ಮುಂದಿನ 2 ಟಿಬಿ ಮಾತ್ರ ಟಿಎಲ್‌ಸಿಯೇ.