ಬೀಚ್ ಮನೆಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯುವವರೇ, ಮೊದಲು ಹಿಂಬಾಗಿಲ ಚಿಲಕ ನೋಡಿ

ಕುಂದಾಪುರದ ಕಡೆ, ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತ ಒಂದು ಬಾಡಿಗೆ ಮನೆಯಲ್ಲಿ ನಡೆದದ್ದು. ಮೂರು ಕುಟುಂಬ, ಆರು ಜನ ದೊಡ್ಡವರು, ನಾಲ್ಕು ಮಕ್ಕಳು. ರಾತ್ರಿಯಿಡೀ ಕಾರು ಓಡಿಸಿಕೊಂಡು ಬೆಳಿಗ್ಗೆ ಏಳರ ಹೊತ್ತಿಗೆ ಬಂದಿಳಿದಿದ್ದರು. ಇಬ್ಬರು ಡಿಕ್ಕಿಯಿಂದ ಸಾಮಾನು ಇಳಿಸುತ್ತಿದ್ದರು, ಒಬ್ಬರು ಹಾಲು ಕಾಯಿಸಲು ಅಡುಗೆಮನೆ ಹೊಕ್ಕಿದ್ದರು, ಉಳಿದವರು ಸ್ನಾನ, ಫೋನು. ಮಕ್ಕಳು ಒಳಗಿದ್ದಾರೆಂದು ಹೊರಗಿನವರು ತಿಳಿದರು, ಕಾರಿನ ಹತ್ತಿರ ಇದ್ದಾರೆಂದು ಒಳಗಿನವರು ತಿಳಿದರು. ಮೂರೂವರೆ ವರ್ಷದ ಹುಡುಗಿ ಹಿಂಬಾಗಿಲಿನಿಂದ ಇಳಿದು, ಗಾಳಿಮರಗಳ ನಡುವೆ ಹಾದು ನೇರ ನೀರಿಗೆ ಹೋದಳು. ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದ ಮೀನುಗಾರರೊಬ್ಬರು ಓಡಿ ಹೋಗಿ ಎತ್ತಿದಾಗ ಮಗುವಿನ ಮುಖ ನೀರಿನೊಳಗಿತ್ತು. ಮಗು ಉಳಿಯಿತು. ಎತ್ತಿಕೊಂಡು ಬಂದು ಕೊಡುವವರೆಗೂ ಮಗು ಮನೆಯಲ್ಲಿಲ್ಲ ಎಂಬುದೇ ಆರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸ್ನಾನಕ್ಕೆಂದು ನೀರಿಗಿಳಿದಾಗ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಬೀಚ್ ಮನೆಯಲ್ಲಿ ಕೈ ಕೊಡುವುದು ಉಳಿದ ಹೊತ್ತು: ಬಂದಿಳಿದ ಮೊದಲ ಅರ್ಧ ಗಂಟೆ, ಊಟ ಬಡಿಸುವ ಸಮಯ, ಮಧ್ಯಾಹ್ನದ ನಿದ್ದೆ, ಹೊರಡುವ ಮುಂಚಿನ ಗಡಿಬಿಡಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಅಂಗೈ ಆಳದ ನೀರಿನಲ್ಲಿ ಕವುಚಿ ಬಿದ್ದರೂ ಎರಡು ವರ್ಷದ ಕೂಸಿಗೆ ತಲೆಯೆತ್ತಲು ಆಗದೇ ಹೋಗಬಹುದು.

ಅದಕ್ಕೇ ಬುಕ್ ಮಾಡುವ ಮುಂಚೆ ಮನೆಯವರಿಗೆ ವಿಡಿಯೋ ಕಾಲ್ ಮಾಡಿ, ಫೋನು ಹಿಡಿದು ಮನೆಯ ಸುತ್ತ ಒಂದು ಸುತ್ತು ಬರಲು ಹೇಳಿ. ಸಮುದ್ರದ ಕಡೆಯ ಬಾಗಿಲಿಗೆ ಮೇಲ್ಗಡೆ, ಅಂದರೆ ಐದು ಅಡಿಯ ಎತ್ತರದಲ್ಲಿ ಚಿಲಕ ಇದೆಯೇ? ಕೆಳಗಿನ ಚಿಲಕವನ್ನು ಮೂರು ವರ್ಷದ ಮಗು ಸಲೀಸಾಗಿ ತೆಗೆಯುತ್ತದೆ. ಮೇಲಿನ ಚಿಲಕ ಉಪ್ಪುಗಾಳಿಗೆ ತುಕ್ಕು ಹಿಡಿದು ಅಲುಗದೆ ನಿಂತಿರುವುದು ಕರಾವಳಿಯಲ್ಲಿ ಸಾಮಾನ್ಯ, ಇದೆ ಎಂದರೆ ಸಾಲದು, ಹಾಕಿ ತೋರಿಸಲಿ. ಬಾಗಿಲಿಗೆ ಅಂಟಿಸುವ ಬ್ಯಾಟರಿ ಅಲಾರಂ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಬಾಗಿಲು ತೆರೆದರೆ ಕಿರುಚುತ್ತದೆ. ಎರಡು ತೆಗೆದುಕೊಂಡು ಹೋಗಿ.

ಮುಂದಿನದು ಬಾವಿ. ಹಳೆಯ ಮನೆಗಳ ಮುರಕಲ್ಲಿನ ಬಾವಿಕಟ್ಟೆ ಎರಡು ಅಡಿ ಎತ್ತರವೂ ಇರುವುದಿಲ್ಲ, ಪಕ್ಕದಲ್ಲೇ ಪಂಪಿನ ಪೆಟ್ಟಿಗೆಯೋ ಬಟ್ಟೆ ಒಗೆಯುವ ಕಲ್ಲೋ ಮೆಟ್ಟಿಲಿನ ಹಾಗೆ ಇರುತ್ತದೆ. ಎಲೆ ಬೀಳದಿರಲೆಂದು ಹಾಸಿದ ನೈಲಾನ್ ಬಲೆ ಮಗುವಿನ ಭಾರ ತಡೆಯುವುದಿಲ್ಲ. ಕಬ್ಬಿಣದ ಗ್ರಿಲ್ ಮುಚ್ಚಿಲ್ಲದಿದ್ದರೆ ಆ ಮನೆ ಬೇಡ ಎಂದುಬಿಡಿ. ಮಹಡಿಯ ಕಟಾಂಜನದ ಸರಳುಗಳ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಕರೆಂಟು ಹೋಗುತ್ತದೆಂದು ಬಚ್ಚಲಲ್ಲಿ ತುಂಬಿಸಿಡುವ ಬಕೆಟ್, ಡ್ರಮ್ಮುಗಳೂ ಅಪಾಯವೇ. ಅಂಬೆಗಾಲಿಡುವ ಕೂಸು ಬಗ್ಗಿ ನೋಡಿದರೆ ತಲೆಯ ಭಾರಕ್ಕೆ ಒಳಗೆ ಬೀಳುತ್ತದೆ, ಬಕೆಟ್ ಉರುಳುವುದಿಲ್ಲ. ಬಚ್ಚಲ ಬಾಗಿಲು ಹೊರಗಿನಿಂದ ಹಾಕಿಯೇ ಇರಲಿ. ತೆಂಗಿನಮರದಡಿ ಚಾಪೆ ಹಾಸಿ ಮಗುವನ್ನು ಮಲಗಿಸಬೇಡಿ.

ಕಾವಲಿಗೆ ಒಂದು ಪದ್ಧತಿ ಮಾಡಿಕೊಳ್ಳಿ. ಒಂದು ಸಲಕ್ಕೆ ಒಬ್ಬರು, ಇಪ್ಪತ್ತು ನಿಮಿಷ. ಅವರ ಕೊರಳಲ್ಲಿ ಒಂದು ಸೀಟಿ ಇರಲಿ. ಪಾಳಿ ಬದಲಾಗುವಾಗ ಸೀಟಿ ಕೈಗೆ ಕೊಟ್ಟು “ಇನ್ನು ನೀನು ನೋಡು” ಎಂದು ಬಾಯಿಬಿಟ್ಟು ಹೇಳಬೇಕು, ಅವರು “ಹೂಂ” ಎನ್ನಬೇಕು. ಸೀಟಿ ಇರುವವರು ಮೊಬೈಲ್ ಮುಟ್ಟುವಂತಿಲ್ಲ, ಕುಡಿದಿರುವಂತಿಲ್ಲ. ಹತ್ತು ವರ್ಷದ ಅಕ್ಕನಿಗೆ “ತಮ್ಮನ್ನ ನೋಡ್ಕೋ” ಎನ್ನುವುದು ಕಾವಲಾಗುವುದಿಲ್ಲ. ಐದು ವರ್ಷದೊಳಗಿನ ಮಗು ನೀರಿನ ಹತ್ತಿರ ಇದ್ದಷ್ಟು ಹೊತ್ತು ದೊಡ್ಡವರ ಕೈಗೆಟುಕುವ ದೂರದಲ್ಲೇ ಇರಬೇಕು.

ಇನ್ನು ಸಮುದ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೇ ಕಡಲಿಗೆ ಹೋಗುವುದಿಲ್ಲ. ಆದರೆ ಬೇಸಿಗೆ ರಜೆಯ ಮೇ ತಿಂಗಳು ಕೂಡ ನಂಬಿಕಸ್ಥ ಅಲ್ಲ. ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಉಬ್ಬಲೆಗಳು ಒಮ್ಮೆಲೇ ದಡಕ್ಕೆ ನುಗ್ಗುತ್ತವೆ, ಕೇರಳದವರು ಇದಕ್ಕೇ ಕಳ್ಳಕ್ಕಡಲ್ ಎನ್ನುವುದು. ಹೈದರಾಬಾದಿನ ಇಂಕಾಯ್ಸ್ (INCOIS), ಅಂದರೆ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ, ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ, ಹೊರಡುವ ಮುಂಚೆಯೂ ಅಲ್ಲಿದ್ದಾಗ ಪ್ರತಿ ಬೆಳಿಗ್ಗೆಯೂ ನೋಡಿ. ದಸರಾ ರಜೆಯ ಹೊತ್ತಿಗೆ ಕಡಲು ಶಾಂತವಾಗಿ ಕಂಡರೂ ಮಳೆಗಾಲದ ಅಲೆಗಳು ತೋಡಿದ ಗುಂಡಿಗಳು ತಳದಲ್ಲಿ ಹಾಗೇ ಉಳಿದಿರಬಹುದು. ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ಸೊಂಟದ ಆಳ.

ಮಕ್ಕಳನ್ನು ಇಳಿಸುವ ಮುಂಚೆ ದಡದ ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೀರು ನೋಡಿ. ಎರಡೂ ಬದಿ ಬಿಳಿ ನೊರೆ ಒಡೆಯುತ್ತಿದ್ದು, ನಡುವೆ ಅಲೆಯೇ ಒಡೆಯದ, ಸ್ವಲ್ಪ ಕಪ್ಪಾಗಿ ಅಥವಾ ಮಣ್ಣುಬಣ್ಣವಾಗಿ ಕಾಣುವ ಪಟ್ಟಿ ಇದ್ದರೆ ಅದು ಸೆಳೆತ. ದಡಕ್ಕೆ ಬಂದ ನೀರೆಲ್ಲ ಆ ಓಣಿಯಿಂದಲೇ ಹಿಂದಕ್ಕೆ ಹೋಗುತ್ತದೆ. ಹೊಸಬರು ಅಲೆ ಕಡಿಮೆ ಇದೆಯೆಂದು ಮಕ್ಕಳನ್ನು ಸರಿಯಾಗಿ ಅಲ್ಲಿಗೇ ಕರೆದೊಯ್ಯುತ್ತಾರೆ. ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಕಾಲೂ ಇಡಬೇಡಿ. ಇಳಿತದ ಹೊತ್ತಿನಲ್ಲಿ ಅಲ್ಲಿಯ ನೀರು ಹೊರಕ್ಕೆ ಎಳೆಯುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಆ ಎಳೆತ ಇನ್ನೂ ಜೋರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವೂ ಅಲ್ಲ, ಅವರು ಎಳೆಮಕ್ಕಳೂ ಅಲ್ಲ. ಈಜಿಸಲೇಬೇಕೆಂದಿದ್ದರೆ ಜೀವರಕ್ಷಕರು ಇರುವ ಕಡೆ, ಉದಾಹರಣೆಗೆ ಪಡುಬಿದ್ರಿ ಅಥವಾ ಹೊನ್ನಾವರದ ಕಾಸರಕೋಡಿನ ಬ್ಲೂ ಫ್ಲ್ಯಾಗ್ ಬೀಚಿಗೆ ಹೋಗಿ, ಅವರು ಕರ್ತವ್ಯದಲ್ಲಿರುವ ಸಮಯ ಕೇಳಿಕೊಂಡು.

ಗಾಳಿ ತುಂಬಿದ ರಿಂಗು, ಬಾತುಕೋಳಿ ಮನೆಯಲ್ಲೇ ಬಿಡಿ. ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಮಗು ಕೂತ ರಿಂಗು ನೋಡನೋಡುತ್ತಿದ್ದಂತೆ ಒಳಕ್ಕೆ ತೇಲಿ ಹೋಗುತ್ತದೆ. ಮಗುವಿನ ತೂಕಕ್ಕೆ ಸರಿಹೊಂದುವ, ಕಾಲಿನ ನಡುವೆ ಪಟ್ಟಿ ಇರುವ ಲೈಫ್ ಜಾಕೆಟ್ ಬೇಕು. ಭುಜ ಹಿಡಿದು ಎತ್ತಿದರೆ ಅದು ಕಿವಿಯವರೆಗೆ ಮೇಲೇರಬಾರದು. ಈಜುಡುಗೆ ಕೇಸರಿ ಅಥವಾ ಗಿಳಿಹಸಿರು ಇರಲಿ, ನೀಲಿ ನೀರಿನಲ್ಲಿ ನೀಲಿ ಬಟ್ಟೆ ಕಾಣುವುದೇ ಇಲ್ಲ. ಮರಳಿನಲ್ಲಿ ಮಗುವಿನ ಮೊಣಕಾಲಿಗಿಂತ ಆಳದ ಗುಂಡಿ ತೋಡಲು ಬಿಡಬೇಡಿ, ಅಂಚು ಕುಸಿದರೆ ಒಣಮರಳನ್ನು ಕೈಯಿಂದ ಬೇಗ ತೆಗೆಯಲಾಗದು.

ಕುಡಿಯುವ ನೀರಿನ ವಿಷಯ. ಏಪ್ರಿಲ್, ಮೇನಲ್ಲಿ ದಡದ ಬಾವಿಗಳ ನೀರು ಉಪ್ಪಾಗುತ್ತದೆ, ಕುದಿಸಿದರೆ ಉಪ್ಪು ಹೋಗುವುದಿಲ್ಲ. ಕೂಸಿನ ಪೌಡರ್ ಹಾಲನ್ನು ಅದರಲ್ಲಿ ಕಲಸಲೇಬಾರದು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ದಿನಕ್ಕೊಂದು 20 ಲೀಟರಿನ ಕ್ಯಾನ್ ಎಂದು ಲೆಕ್ಕ ಹಾಕಿ ಮೊದಲೇ ತರಿಸಿಡಿ. ಓಆರ್‌ಎಸ್ ಪ್ಯಾಕೆಟ್‌ಗಳಲ್ಲಿ 200 ಮಿಲಿಗೂ ಒಂದು ಲೀಟರಿಗೂ ಬೇರೆ ಬೇರೆ ಇವೆ, ಹಿಂಬದಿ ಓದಿಯೇ ಕಲಸಿ.

ಮಗು ನೀರಿನಲ್ಲಿ ಕೊಚ್ಚಿಹೋದರೆ ಬರಿಗೈಯಲ್ಲಿ ಹಾರಬೇಡಿ, ಉಳಿಸಲು ಹೋದ ಅಪ್ಪ, ಚಿಕ್ಕಪ್ಪಂದಿರೂ ಮುಳುಗಿದ ಪ್ರಕರಣಗಳು ನಮ್ಮ ಕರಾವಳಿಯಲ್ಲಿ ಹಲವು. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಹಿಡಿದು ಹೋಗಿ, ಇನ್ನೊಬ್ಬರು ಮೀನುಗಾರರನ್ನು ಕೂಗಿ 112ಕ್ಕೆ, 108ಕ್ಕೆ ಫೋನ್ ಮಾಡಲಿ. ಮೇಲೆ ತಂದ ಮಗುವನ್ನು ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಸುವುದು ಈಗಲೂ ನಡೆಯುತ್ತದೆ, ಯಾರೇ ಹೇಳಿದರೂ ಹಾಗೆ ಮಾಡಲು ಬಿಡಬೇಡಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಿ. ಒಂದು ವರ್ಷದೊಳಗಿನ ಕೂಸಾದರೆ ಬಾಯಿ ಮೂಗು ಎರಡನ್ನೂ ಸೇರಿಸಿ ಊದಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ, ಹೀಗೇ ಮುಂದುವರಿಸಿ. ಎದೆಯ ದಪ್ಪದ ಮೂರನೇ ಒಂದು ಭಾಗ ತಗ್ಗಬೇಕು, ನಿಮಿಷಕ್ಕೆ 100ರಿಂದ 120ರ ವೇಗ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸುವಂತಿಲ್ಲ.

ಮಗು ಕೆಮ್ಮಿ, ಅತ್ತು, ಸರಿಹೋಯಿತು ಅನ್ನಿಸಿದರೂ ಅದೇ ದಿನ ಆಸ್ಪತ್ರೆಗೆ ತೋರಿಸಲೇಬೇಕು. ಮುಂದಿನ ಕೆಲವು ಗಂಟೆಗಳಲ್ಲಿ ಕೆಮ್ಮು ಹೆಚ್ಚಿದರೆ, ಉಸಿರಾಟ ಚುರುಕಾದರೆ, ಮಗು ಮಂಕಾದರೆ ಶ್ವಾಸಕೋಶಕ್ಕೆ ನೀರು ಹೋಗಿ ಪೆಟ್ಟು ಬಿದ್ದಿರಬಹುದು. ಉಡುಪಿ ಕಡೆ ಉಳಿದವರಿಗೆ ಮಣಿಪಾಲದ ದೊಡ್ಡ ಆಸ್ಪತ್ರೆ ಹತ್ತಿರ. ಗೋಕರ್ಣದಲ್ಲಿ ಮನೆ ಹಿಡಿಯುವವರು ಇದನ್ನು ಮೊದಲೇ ಯೋಚಿಸಿ: ಅಲ್ಲಿಂದ ಮಣಿಪಾಲಕ್ಕೆ 150 ಕಿಲೋಮೀಟರಿಗೂ ಹೆಚ್ಚು ದಾರಿ. ಆದ್ದರಿಂದ ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ, ರಾತ್ರಿ ಮಕ್ಕಳ ಡಾಕ್ಟರು ಇರುತ್ತಾರೆಯೇ ಎಂದು ಬಂದ ದಿನವೇ ವಿಚಾರಿಸಿ, ಮನೆಯ ವಿಳಾಸವನ್ನೂ ಮುಖ್ಯರಸ್ತೆಯಿಂದ ಬರುವ ದಾರಿಯನ್ನೂ ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.