ಅಲರ್ಜಿಗೆ ಇಂಜೆಕ್ಷನ್ನೋ, ನಾಲಿಗೆ ಕೆಳಗಿನ ಮಾತ್ರೆಯೋ, ಹನಿಯೋ?

ಮೂರರ ಒಳಗುಟ್ಟೂ ಒಂದೇ: ಮೈಗೆ ಆಗಿಬರದ್ದನ್ನೇ ಅಳೆದು ಕೊಟ್ಟು ರೂಢಿ ಮಾಡಿಸುವುದು. 1911ರಲ್ಲಿ ಬ್ರಿಟಿಷ್ ವೈದ್ಯ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರ ಚುಚ್ಚಿ ನೋಡಿದ್ದೂ ಇದನ್ನೇ. ಸಾಮಾನ್ಯವಾಗಿ ಮೂರು ವರ್ಷವಾದರೂ ನಡೆಸಬೇಕು. ಹಾಗಾಗಿ ನಡುವೆ ಕೈಬಿಡದೆ ಯಾವುದನ್ನು ಮುಗಿಸಬಲ್ಲಿರಿ ಎಂದು ಮೊದಲು ನೋಡಿಕೊಳ್ಳಿ.

ಇಂಜೆಕ್ಷನ್ ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಚುಚ್ಚಿಸಿಕೊಂಡ ಮೇಲೆ 30 ನಿಮಿಷ ಕ್ಲಿನಿಕ್ಕಿನಲ್ಲೇ ಕೂರಬೇಕು. ಗಂಭೀರ ರಿಯಾಕ್ಷನ್ ಬರುವುದಿದ್ದರೆ ಹೆಚ್ಚಾಗಿ ಅಷ್ಟರೊಳಗೇ ಬರುತ್ತದೆ. ಅಲೆದಾಟ ಜಾಸ್ತಿ, ಆದರೆ ದಿನಾ ಮಾತ್ರೆ ಮರೆಯುವವರಿಗೆ ಇದೇ ಸರಿ.

ಮಾತ್ರೆಯ ಮೊದಲ ಡೋಸ್ ಮಾತ್ರ ವೈದ್ಯರ ಎದುರು, ಉಳಿದದ್ದು ಮನೆಯಲ್ಲಿ. ಹೆಚ್ಚಿನವರು ತಪ್ಪುವುದು ಇಲ್ಲೇ. ತಂಪಿನಲ್ಲಿ ಒಣಗಿಸಿ ಮಾಡಿದ ಮಾತ್ರೆ ಬಲು ಮೆತ್ತಗೆ. ಪಟ್ಟಿಯಿಂದ ಬೆರಳಲ್ಲಿ ಒತ್ತಿದರೆ ಪುಡಿ, ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟು. ಹಾಳೆ ಸುಲಿದು ಒಣ ಬೆರಳಲ್ಲಿ ತೆಗೆದಿಡಿ. ಸೆಕೆಂಡುಗಳಲ್ಲಿ ಕರಗುತ್ತದೆ, ಕರಗಿತಲ್ಲ ಎಂದು ಗುಟುಕರಿಸಬೇಡಿ. ಕೆಲಸ ನಡೆಯುವುದು ಬಾಯಿಯ ಒಳಪೊರೆಯಲ್ಲಿ, ಹೊಟ್ಟೆಗಿಳಿದದ್ದು ಜೀರ್ಣವಾಗಿಹೋಗುತ್ತದೆ. ಪೂರ್ತಿ ಒಂದು ನಿಮಿಷ ಉಗುಳು ನುಂಗದೆ ಇರಿ. ಮತ್ತೆ ಐದು ನಿಮಿಷ ನೀರೂ ಬೇಡ. ಆಮೇಲೆ ಕೈ ತೊಳೆಯಿರಿ. ಬೆರಳಿಗೆ ಅಂಟಿದ್ದು ಕಣ್ಣಿಗೆ ತಾಗಿದರೆ ನವೆ ಶುರು.

ಮೊದಲ ವಾರಗಳಲ್ಲಿ ಬಾಯಿ ನವೆ, ಗಂಟಲು ಕೆರೆತ, ಕಿವಿಯೊಳಗೆ ತುರಿಕೆ ಸಾಮಾನ್ಯ. ಕ್ರಮೇಣ ಇಳಿಯುತ್ತದೆ, ಇದಕ್ಕೆ ಹೆದರಿ ಬಿಡುವವರೇ ಹೆಚ್ಚು ಅನ್ನಿಸುತ್ತದೆ. ಹಲ್ಲು ಕೀಳಿಸಿದ್ದರೆ, ಬಾಯಿ ಹುಣ್ಣಾಗಿದ್ದರೆ ವಾಸಿಯಾಗುವವರೆಗೆ ನಿಲ್ಲಿಸಿ. ಅನ್ನನಾಳದಲ್ಲಿ ಊಟ ಸಿಕ್ಕಿಕೊಂಡಂತಾಗುತ್ತಿದ್ದರೆ ಮುಂದುವರಿಸದೆ ವೈದ್ಯರಿಗೆ ಹೇಳಿ. ಉಸಿರು ಕಟ್ಟಿದರೆ, ನಾಲಿಗೆ ಇಲ್ಲವೇ ಗಂಟಲು ಊದಿದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ.

ಹನಿಯನ್ನು ಸಾಮಾನ್ಯವಾಗಿ ಎರಡು ನಿಮಿಷ ನಾಲಿಗೆಯಡಿ ಹಿಡಿಯುತ್ತಾರೆ. ಹಲವು ಅಲರ್ಜಿಗಳಿಗೆ ಬೇಕಾದಂತೆ ಬೆರೆಸಬಹುದು ಎಂಬುದು ಇದರ ಆಕರ್ಷಣೆ. ಎಣಿಕೆ ತಪ್ಪುವುದು, ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಮರೆಯುವುದು ಇದರ ಕಾಟ. ಕಂಪನಿಯಿಂದ ಕಂಪನಿಗೆ ಅಳತೆಯ ಲೆಕ್ಕವೂ ಬೇರೆ, ಅದೇ ಸಂಖ್ಯೆ ಎಂದು ಬಾಟಲಿ ಬದಲಿಸಬೇಡಿ. ಧೂಳಿನ ಮೈಟ್ (ಮನೆಯ ಧೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಒಂದೇ ಸಮಸ್ಯೆಯಾದರೆ ಹನಿಗಿಂತ ಮಾತ್ರೆಯೇ ಮೇಲು ಎನ್ನುತ್ತೇವೆ. ಹುಲ್ಲಿನ ಪರಾಗವಾದರೆ ಆ ಕಾಲಕ್ಕೆ ಕನಿಷ್ಠ 12 ವಾರ ಮೊದಲೇ ಮಾತ್ರೆ ಶುರುವಾಗಿರಲಿ.

ಆಸ್ತಮಾ ಹತೋಟಿಯಲ್ಲಿಲ್ಲದಿದ್ದರೆ ಮೂರೂ ಸದ್ಯಕ್ಕೆ ಬೇಡ. ಮಾತ್ರೆ ಒಂದು ವಾರಕ್ಕಿಂತ ಹೆಚ್ಚು ತಪ್ಪಿದ್ದರೆ ನೀವೇ ಮತ್ತೆ ಆರಂಭಿಸದೆ ವೈದ್ಯರನ್ನು ಕೇಳಿ. ಇಂಜೆಕ್ಷನ್ ತುಂಬಾ ತಡವಾದರೆ ಡೋಸ್ ಇಳಿಸಿ ಮತ್ತೆ ಏರಿಸುತ್ತಾರೆ.