ಕಣ್ಣಿನಿಂದ ಮೆದುಳುಕಾಂಡದ ತನಕ: ನಾನು ಬಳಸಿದ ನಾಲ್ಕು ಟ್ರೇಸರ್‌ಗಳು

ಇಲಿಯ ಕಣ್ಣಿನಿಂದ ಹೊರಟ ನರದ ಎಳೆಗಳು ಮೆದುಳಿನಲ್ಲಿ ಎಲ್ಲೆಲ್ಲಿ ಹೋಗಿ ಮುಟ್ಟುತ್ತವೆ? ಇದನ್ನು ನೋಡಲು ನಾನು ಇಲ್ಲಿಯ ತನಕ ನಾಲ್ಕು ಟ್ರೇಸರ್, ಅಂದರೆ ಎಳೆಯುದ್ದಕ್ಕೂ ಹರಿದು ಅದರ ದಾರಿ ತೋರಿಸುವ ವಸ್ತು, ಬಳಸಿದ್ದೇನೆ: ಎಚ್‌ಆರ್‌ಪಿ, ಡೈ-ಐ, ಕಾಲರಾ ಟಾಕ್ಸಿನ್ ಬಿ, ಸೂಡೋರೇಬೀಸ್ ವೈರಸ್. ಲ್ಯಾಬಿಗೆ ಹೊಸದಾಗಿ ಬಂದವರು ‘ಇದರಲ್ಲಿ ಯಾವುದು ಒಳ್ಳೇದು?’ ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ. ಎಳೆ ಎಲ್ಲಿ ಮುಗಿಯುತ್ತದೆ ಅಂತ ಬೇಕಾ, ಇಲ್ಲಾ ಅದರ ಆಚೆಗಿನ ನರಕೋಶ ಯಾವುದು ಅಂತ ಬೇಕಾ? ಇದು ಗೊತ್ತಾಗದೆ ಬಾಟಲಿ ತೆಗೆಯಬೇಡಿ. ಪ್ರತಿ ಪ್ರಯೋಗಕ್ಕೂ ಒಂದು ಜೀವ ಹೋಗುತ್ತದೆ. ತಪ್ಪು ಟ್ರೇಸರ್ ಹಾಕಿದರೆ ಆ ಇಲಿ ಸುಮ್ಮನೆ ಸತ್ತ ಹಾಗೆ.

ನಾನು ಮೊದಲು ಕಲಿತದ್ದು ಎಚ್‌ಆರ್‌ಪಿ. ಮೂಲಂಗಿಯ ಕುಟುಂಬಕ್ಕೇ ಸೇರಿದ ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಗೆಡ್ಡೆಯಿಂದ ತೆಗೆಯುವ ಕಿಣ್ವ ಇದು. 1970ರ ದಶಕದ ಆರಂಭದಲ್ಲಿ ಇದು ಬಂದ ಮೇಲೆ ನರಮಾರ್ಗ ಹುಡುಕುವ ಕೆಲಸವೇ ಬದಲಾಯಿತು. ಅದಕ್ಕೂ ಮೊದಲು ನರವನ್ನು ಗಾಯಮಾಡಿ, ಸಾಯುತ್ತಿರುವ ಎಳೆಗಳಿಗೆ ಬೆಳ್ಳಿಯ ಬಣ್ಣ ಹಿಡಿಸಿ ನೋಡಬೇಕಿತ್ತು. ಎಚ್‌ಆರ್‌ಪಿ ಬೇಗ ಓಡುತ್ತದೆ. ಒಂದೆರಡು ದಿನ ಸಾಕು. ಬಣ್ಣ ಬರಿಸುವುದೇ ಕಷ್ಟ. 1978ರಲ್ಲಿ ನರವಿಜ್ಞಾನಿ ಮೆಸುಲಮ್ ಕೊಟ್ಟ, ಟಿಎಂಬಿ ಎಂಬ ರಾಸಾಯನಿಕ ಬಳಸುವ ವಿಧಾನ ತುಂಬ ಸೂಕ್ಷ್ಮ, ನೀಲಿ-ಕಪ್ಪು ಹರಳು ಚೆನ್ನಾಗಿ ಕಾಣುತ್ತದೆ. ಆದರೆ ದ್ರಾವಣ ಹುಳಿಯಾಗಿಯೇ ಇರಬೇಕು, ಪಿಎಚ್ 3.3ರ ಆಸುಪಾಸು. ಸ್ವಲ್ಪ ಏರುಪೇರಾದರೆ ಗಾಜಿನ ತುಂಬಾ ಸೂಜಿಯಂಥ ಕಸ ಕೂರುತ್ತದೆ, ಎಳೆ ಯಾವುದು ಕಸ ಯಾವುದು ತಿಳಿಯುವುದಿಲ್ಲ. ದಿನ ಕಳೆದಂತೆ ಬಣ್ಣವೂ ಮಾಸುತ್ತದೆ. ದಪ್ಪ ದಾರಿಗಳಿಗೆ ಎಚ್‌ಆರ್‌ಪಿ ಸಾಕು. ಕಣ್ಣಿನಿಂದ, ಮಧ್ಯಮೆದುಳಿನ ಮೇಲ್ಭಾಗದಲ್ಲಿ ಕಣ್ಣಿನ ಸುದ್ದಿ ಪಡೆಯುವ ಉಬ್ಬಾದ ಸುಪೀರಿಯರ್ ಕಾಲಿಕ್ಯುಲಸ್‌ಗೆ ಹೋಗುವ ದಾರಿ ಇದರಲ್ಲಿ ಸಲೀಸಾಗಿ ಸಿಕ್ಕಿತು. ತೆಳ್ಳಗಿನ ಎಳೆಗಳ ವಿಷಯದಲ್ಲಿ ಮಾತ್ರ ನಾನು ಇದನ್ನು ನಂಬುವುದಿಲ್ಲ.

ಡೈ-ಐ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅದು ಎಣ್ಣೆಯಂಥ ಬಣ್ಣ, ಕೋಶದ ಪೊರೆಯಲ್ಲೇ ಹರಿದು ಮುಂದೆ ಹೋಗುತ್ತದೆ. ಹಾಗಾಗಿ ಜೀವ ಇರಬೇಕೆಂದೇ ಇಲ್ಲ. ಫಾರ್ಮಲಿನ್‌ನಲ್ಲಿಟ್ಟ ಮೆದುಳಲ್ಲೂ ಕೆಲಸ ಮಾಡುತ್ತದೆ. ಹುಟ್ಟಿದ ದಿನದ ಮರಿಯಲ್ಲಿ, ಭ್ರೂಣದಲ್ಲಿ ದಾರಿ ಹೇಗೆ ಬೆಳೆಯುತ್ತಿದೆ ಅಂತ ನೋಡಬೇಕಾದರೆ ನಾನು ಇದನ್ನೇ ತೆಗೆದುಕೊಳ್ಳುತ್ತೇನೆ. ಸೂಜಿಯ ತುದಿಯಲ್ಲಿ ಒಂದು ಕೆನ್ನೇರಳೆ ಹರಳು ಎತ್ತಿ, ಕಣ್ಣಿನ ನರ ಹೊರಡುವ ಜಾಗದಲ್ಲಿ ಒತ್ತಿ, 37 ಡಿಗ್ರಿಯಲ್ಲಿ ವಾರಗಟ್ಟಲೆ ಬಿಡಬೇಕು. ದೊಡ್ಡ ಮೆದುಳಿಗೆ ಆಗುವುದಿಲ್ಲ, ಅಷ್ಟು ದೂರ ಅದು ಹೋಗುವುದೇ ಇಲ್ಲ. ಇನ್ನೊಂದು ಮಾತು: ಆಮೇಲೆ ಆಂಟಿಬಾಡಿ ಹಾಕುವ ಆಸೆಯಿಂದ ಡಿಟರ್ಜೆಂಟ್ ಬಳಸಬೇಡಿ. ನಾನು ಒಮ್ಮೆ ಬಳಸಿದೆ. ಆರು ವಾರ ಕಾದು ಪಡೆದ ಎಳೆಗಳು ಮಾರನೇ ದಿನ ಬರೀ ಕೆಂಪು ಮಂಜಾಗಿದ್ದವು. ಪೊರೆ ಕರಗಿದರೆ ಪೊರೆಯಲ್ಲಿದ್ದ ಬಣ್ಣ ನಿಲ್ಲುವುದಾದರೂ ಎಲ್ಲಿ?

ನನ್ನ ಮನಸ್ಸು ಗೆದ್ದದ್ದು ಕಾಲರಾ ಟಾಕ್ಸಿನ್ ಬಿ. ಹೆಸರು ಕೇಳಿ ಹೆದರಬೇಡಿ. ಕಾಯಿಲೆ ತರುವುದು ಎ ಭಾಗ, ಇಲ್ಲಿ ಅದು ಇಲ್ಲ. ಬಿ ಭಾಗಕ್ಕೆ ಒಂದೇ ಕೆಲಸ: ಕೋಶದ ಮೇಲಿನ ಜಿಎಂ1 ಎಂಬ ಕೊಬ್ಬನ್ನು ಗಟ್ಟಿಯಾಗಿ ಹಿಡಿದು ಒಳಗೆ ಹೋಗುವುದು. ಕಣ್ಣಿನೊಳಗೆ ಕೆಲವೇ ಮೈಕ್ರೋಲೀಟರ್ ಹಾಕಿದರೆ ಎಳೆಯ ತುದಿಯ ತನಕ ತುಂಬುತ್ತದೆ. ಬಲಗಣ್ಣಿಗೆ ಹಸಿರು, ಎಡಗಣ್ಣಿಗೆ ಕೆಂಪು ಹಾಕಬಹುದು.

ಮೊದಲ ಸಲ ಆ ಸೆಕ್ಷನ್ (ಮೆದುಳಿನ ತೆಳು ಹೋಳು) ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕಾಲಿಕ್ಯುಲಸ್‌ನ ಮೇಲ್ಪದರ ಒಂದು ಪಕ್ಕ ಪೂರ್ತಿ ಹಸಿರು. ಅದರ ಕೆಳಗೆ ಅಲ್ಲಲ್ಲಿ ಕೆಂಪು ಮುದ್ದೆಗಳು, ಅದೇ ಪಕ್ಕದ ಕಣ್ಣಿನಿಂದ ಬಂದವು. ಸ್ವಲ್ಪ ಮುಂದಿನ ಸೆಕ್ಷನ್‌ನಲ್ಲಿ, ಕಾಲಿಕ್ಯುಲಸ್‌ನ ಮುಂದೆಯೇ ಇರುವ ಪ್ರಿಟೆಕ್ಟಮ್‌ನಲ್ಲಿ, ಸಾಸಿವೆಗಿಂತ ಚಿಕ್ಕದಾದ ಒಂದು ಉಂಡೆ ಬೇರೆಯಾಗಿ ಹೊಳೆಯುತ್ತಿತ್ತು. ಆಲಿವರಿ ನ್ಯೂಕ್ಲಿಯಸ್. ಡಾಕ್ಟರು ಟಾರ್ಚ್ ಬಿಟ್ಟಾಗ ಪಾಪೆ ಚಿಕ್ಕದಾಗುತ್ತದಲ್ವಾ, ಆ ಸುದ್ದಿ ಕಣ್ಣಿನಿಂದ ಮೊದಲು ಬಂದು ಇಳಿಯುವುದು ಅಲ್ಲಿಗೆ. ಎಷ್ಟೋ ಸಲ ಓದಿದ್ದೆ. ಓದಿದ್ದು ಹೀಗೆ ಕಣ್ಣೆದುರು ಬಂದಾಗ ಮೈ ಜುಮ್ಮೆಂದಿತು.

ಕಾಲರಾ ಟಾಕ್ಸಿನ್‌ನ ನಿಜವಾದ ಬೆಲೆ ತಿಳಿಯುವುದು ಡಾರ್ಸಲ್ ರಾಫೆಯಲ್ಲಿ. ಇದು ಮೆದುಳುಕಾಂಡದ ನಡುಗೆರೆಯಲ್ಲಿರುವ, ಸಿರೊಟೋನಿನ್ ತಯಾರಿಸುವ ಕೋಶಗಳ ಗುಂಪು. ಕಣ್ಣಿನಿಂದ ನೇರವಾಗಿ ಅಲ್ಲಿಗೂ ಎಳೆಗಳು ಹೋಗುತ್ತವೆ. ಜರ್ಬಿಲ್ ಎಂಬ ಮರಳುಗಾಡಿನ ಇಲಿಯಲ್ಲಿ ಅವು ದಟ್ಟ, ನಮ್ಮ ಲ್ಯಾಬಿನ ಇಲಿಯಲ್ಲಿ ಬಹಳ ಕಡಿಮೆ. ಎಚ್‌ಆರ್‌ಪಿ ಹಾಕಿದಾಗ ನನಗೆ ಅಲ್ಲಿ ಏನೂ ಕಂಡಿರಲಿಲ್ಲ. ‘ಇಲ್ಲ’ ಅಂತಲೇ ನೋಟ್‌ಬುಕ್‌ನಲ್ಲಿ ಬರೆದೆ. ಕಾಲರಾ ಟಾಕ್ಸಿನ್ ಹಾಕಿದ ಮೇಲೆ ಕೆಲವು ಎಳೆಗಳು ಕಂಡವು. ಕೂದಲಿಗಿಂತ ತೆಳ್ಳಗೆ, ನಡುನಡುವೆ ಮಣಿ ಪೋಣಿಸಿದ ಹಾಗೆ ಉಬ್ಬು. ಹಳೆಯ ಪುಟ ತೆಗೆದು ‘ಇಲ್ಲ’ ಹೊಡೆದು ‘ಕಾಣಲಿಲ್ಲ’ ಎಂದು ತಿದ್ದಿದೆ. ಇವೆರಡೂ ಒಂದೇ ಅಲ್ಲ.

ಇದಕ್ಕೂ ಮಿತಿ ಇದೆ. ಎಳೆ ಮುಗಿಯುವ ಜಾಗ ತೋರಿಸಿ ನಿಲ್ಲುತ್ತದೆ. ಆಲಿವರಿ ನ್ಯೂಕ್ಲಿಯಸ್‌ನಿಂದ ಮಧ್ಯಮೆದುಳಿನ ಇನ್ನೊಂದು ಕೋಶಗುಂಪಾದ ಎಡಿಂಗರ್-ವೆಸ್ಟ್‌ಫಾಲ್‌ಗೆ, ಅಲ್ಲಿಂದ ಕಣ್ಣಿನ ಹಿಂದಿನ ನರಗಂಟಾದ ಸಿಲಿಯರಿ ಗ್ಯಾಂಗ್ಲಿಯನ್‌ಗೆ, ಕೊನೆಗೆ ಪಾಪೆಯ ಸ್ನಾಯುವಿಗೆ. ಈ ಇಡೀ ಸರಪಳಿ ಬೇಕು ಅಂದರೆ ವೈರಸ್ಸೇ ಬೇಕು.

ಸೂಡೋರೇಬೀಸ್ ಹಂದಿಗಳ ರೋಗ. ಹಂದಿಗಳಿಗೆ ಲಸಿಕೆಯಾಗಿ ಪಳಗಿಸಿದ ಬಾರ್ತಾ ತಳಿಯನ್ನು ನಾವು ಬಳಸುತ್ತೇವೆ. ಅದು ನರಕೋಶದಿಂದ ನರಕೋಶಕ್ಕೆ ಜಿಗಿಯುತ್ತದೆ, ಅದೂ ಹಿಮ್ಮುಖವಾಗಿ ಮಾತ್ರ. ಕಣ್ಣಿನ ಮುಂಭಾಗದಲ್ಲಿ ಹಾಕಿದರೆ ಪಾಪೆಯಿಂದ ಶುರುವಾಗಿ ಸರಪಳಿಯನ್ನು ತುದಿಯಿಂದ ಬುಡಕ್ಕೆ ಹತ್ತುತ್ತದೆ. ಕೊನೆಗೆ ಇನ್ನೊಂದು ಕಣ್ಣಿನ ರೆಟಿನಾದಲ್ಲಿ ಬೆರಳೆಣಿಕೆಯ ಕೋಶಗಳು ಹೊಳೆಯುತ್ತವೆ. ಕೋಶ ಸಂಪೂರ್ಣ ತುಂಬಿ, ಕೊಂಬೆ ರೆಂಬೆ ಎಲ್ಲ ಕಾಣುತ್ತದೆ. ಇಷ್ಟು ಚಂದದ ಚಿತ್ರ ಉಳಿದ ಮೂರರಲ್ಲಿ ಒಂದೂ ಕೊಟ್ಟಿಲ್ಲ.

ಆದರೂ ಯಾರಿಗೂ ನಾನು ಇದನ್ನು ಮೊದಲ ಟ್ರೇಸರ್ ಆಗಿ ಕೊಡುವುದಿಲ್ಲ. ಒಂದು ದಿನ ಹೆಚ್ಚು ಕಾದರೆ ವೈರಸ್ ಇನ್ನೊಂದು ಹೆಜ್ಜೆ ಹಾಕಿರುತ್ತದೆ. ಯಾವ ದಾರಿಯಿಂದ ಬಂತು ಅಂತ ಅದು ಹೇಳುವುದಿಲ್ಲ. ಕಣ್ಣಿಗೆ ಬಾರ್ತಾ ಹಾಕಿದಾಗ ಮೆದುಳಿನ ದಿನಚರಿ ಗಡಿಯಾರದಲ್ಲೂ, ಅಂದರೆ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್‌ನಲ್ಲೂ, ಕಾಣಿಸುತ್ತದೆ. ಕಣ್ಣಿನ ನರದ ಮೂಲಕ ನೇರವಾಗಿ ಹೋಗಿದೆ ಅಂತ ಮೊದಲು ತಿಳಿಯಲಾಗಿತ್ತು. ಹ್ಯಾಮ್‌ಸ್ಟರ್‌ಗಳಲ್ಲಿ ಕೆಲಸ ಮಾಡಿದ ಗ್ಯಾರಿ ಪಿಕಾರ್ಡ್ ಮತ್ತು ಜೊತೆಯವರು 2002ರಲ್ಲಿ ಅದು ಹಾಗಲ್ಲ ಎಂದು ತೋರಿಸಿದರು. ವೈರಸ್ ಹೋಗಿದ್ದು ಪಾಪೆಗೆ ಬರುವ ಸ್ವನಿಯಂತ್ರಿತ ನರಗಳನ್ನು ಹಿಡಿದು, ಹಿಂಬಾಗಿಲಿನಿಂದ. ಆ ಲೇಖನ ಓದಿದ ಮೇಲೆ ನಾನು ಒಂದು ನಿಯಮ ಮಾಡಿಕೊಂಡೆ: ಕಾಲರಾ ಟಾಕ್ಸಿನ್‌ನಲ್ಲಿ ಒಂದೊಂದು ಕೊಂಡಿಯನ್ನೂ ನೋಡಿದ ಮೇಲೆಯೇ ವೈರಸ್. ಎಲ್ಲ ಇಲಿಗಳನ್ನೂ ಒಂದೇ ಹೊತ್ತಿಗೆ ಅಲ್ಲ, ವೈರಸ್ ಹಾಕಿದ ಮೇಲೆ ಬೇರೆ ಬೇರೆ ಗಂಟೆಗಳಲ್ಲಿ ಕೊಂದು ನೋಡಬೇಕು. ಇಷ್ಟು ಇಲಿ ಯಾಕೆ ಬೇಕು ಅಂತ ಎಥಿಕ್ಸ್ ಕಮಿಟಿ ಕೇಳುತ್ತದೆ. ಕೇಳಬೇಕಾದ್ದೇ. ಕೊಂಡಿಗಳ ಲೆಕ್ಕ ಮೊದಲೇ ಇದ್ದರೆ ಉತ್ತರವೂ ಇರುತ್ತದೆ, ಇಲಿಗಳೂ ಕಡಿಮೆ ಸಾಕು.

ದುಡ್ಡು ಒಂದಕ್ಕೇ ಇದ್ದರೆ ಕಾಲರಾ ಟಾಕ್ಸಿನ್ ಬಿ ತರಿಸಿ. ಮರಿಗಳ ಕೆಲಸ ಇದ್ದರೆ ಡೈ-ಐ ಒಂದು ಚಿಕ್ಕ ಬಾಟಲಿ. ಎಚ್‌ಆರ್‌ಪಿ ಈಗ ಹೊಸದಾಗಿ ಶುರು ಮಾಡಬೇಕಿಲ್ಲ.

ಟ್ರೇಸರ್ ಯಾವುದಾದರೂ ಇರಲಿ, ಬಿಳಿ ಇಲಿ ಬೇಡ. ಕಪ್ಪು ತಲೆಯ ಲಾಂಗ್-ಇವಾನ್ಸ್ ಇಲಿ ಕೇಳಿ ಪಡೆಯಿರಿ. ಇಲಿಯಲ್ಲಿ ಕಣ್ಣಿನ ಎಳೆಗಳು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಎದುರು ಪಕ್ಕಕ್ಕೆ ದಾಟುತ್ತವೆ. ಬಣ್ಣ ಇಲ್ಲದ ಇಲಿಯಲ್ಲಿ ಅದೇ ಪಕ್ಕ ಉಳಿಯುವ ಆ ಸ್ವಲ್ಪವೂ ಇನ್ನಷ್ಟು ಕಡಿಮೆಯಾಗುತ್ತದೆ ಎಂದು ಸಂಶೋಧಕ ಲುಂಡ್ 1965ರಲ್ಲೇ ತೋರಿಸಿದ್ದರು. ಕಣ್ಣಿನಲ್ಲಿ ಬಣ್ಣ ಕಡಿಮೆಯಾದರೆ ಎಳೆಗಳು ದಾರಿ ತಪ್ಪುತ್ತವೆ. ಗಿಲ್ಲರಿ ಎಂಬ ಸಂಶೋಧಕರು ಇದನ್ನೇ ಸಯಾಮೀಸ್ ಬೆಕ್ಕಿನಲ್ಲಿ ಕಂಡರು. 1973ರಲ್ಲಿ ಗಿಲ್ಲರಿ ಮತ್ತು ಕಾಸ್ ಒಂದು ಬಿಳಿ ಹುಲಿಯ ಮೆದುಳಿನಲ್ಲೂ ಇದೇ ಅದಲುಬದಲು ಕಂಡರು. ಮುಂದಿನ ಸಲ ಮೃಗಾಲಯದಲ್ಲಿ ಬಿಳಿ ಹುಲಿ ಎದುರಾದರೆ ಅದರ ಕಣ್ಣು ನೋಡಿ. ಎಷ್ಟೋ ಬಿಳಿ ಹುಲಿಗಳಿಗೆ ಮೆಳ್ಳೆಗಣ್ಣು ಇರುತ್ತದೆ.